ಐದು ಜನರ ಪಾಸು

ಥೀಮ್ ಪಾರ್ಕಿನ ನಕ್ಷೆಯನ್ನು ಫೋರ್‌ಮನ್ ಊಟದ ಮೇಜಿನ ಎದುರಿನ ಗೋಡೆಗೆ ಅಂಟಿಸಿದ ದಿನವೇ ಆ ಮನೆಯಲ್ಲಿ ಒಂದು ತಟ್ಟೆ ಒಡೆಯಿತು.

ಅವನು ತಂಪು ಪಾನೀಯದ ಕಾರ್ಖಾನೆಯಲ್ಲಿ ಬಾಟಲಿ ತುಂಬುವ ಲೈನಿನ ಫೋರ್‌ಮನ್. ವರ್ಷವಿಡೀ ಅವನ ಲೈನು ಒಮ್ಮೆಯೂ ಕೆಟ್ಟು ನಿಂತಿರಲಿಲ್ಲವೆಂದು ಕಂಪನಿಯವರು ಎಲ್ಲರೆದುರು ಚಪ್ಪಾಳೆ ತಟ್ಟಿಸಿ ಐದು ಜನರ ಪಾಸು ಕೊಟ್ಟಿದ್ದರು. ಬೀದಿಯಲ್ಲೂ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಫೋರ್‌ಮನ್ ಎಂದೇ. ಹೆಂಡತಿಯೂ ಅಷ್ಟೆ, ಅವನ ಬೈಕಿನ ಸದ್ದು ಕೇಳಿಸಿದೊಡನೆ ಮಕ್ಕಳಿಗೆ, "ಫೋರ್‌ಮನ್ ಬಂದ್ರು, ಟಿವಿ ಆರಿಸಿ" ಎನ್ನುತ್ತಿದ್ದಳು.

ಅವನು ಕೆಂಪು ಪೆನ್ಸಿಲ್ ಹಿಡಿದು ನಕ್ಷೆಯ ಮುಂದೆ ನಿಂತ. ಮಿಕ್ಕವರು ತಟ್ಟೆಯ ಮುಂದೆ ಕೂತಿದ್ದರು.

"ಎಲ್ಲರೂ ಗೇಟಿನ ಹತ್ತಿರದ ಆಟಕ್ಕೇ ಮೊದಲು ಮುಗಿಬೀಳ್ತಾರೆ. ನಾವು ಹಾಗೆ ಮಾಡಲ್ಲ. ಒಳಗೆ ಕಾಲಿಟ್ಟವರೇ ಸೀದಾ ಹಿಂದುಗಡೆಗೆ. ದೊಡ್ಡ ಆಟ ಎಲ್ಲ ಮುಗಿಸಿಕೊಂಡು ಮುಂದಕ್ಕೆ ಬರೋದು. ಊಟ ಎಲ್ಲರಿಗಿಂತ ಮೊದಲು. ನೀರಿನ ಆಟ ಕೊನೆಗೆ. ಒದ್ದೆ ಬಟ್ಟೇಲಿ ನಡಿಗೆ ನಿಧಾನ ಆಗುತ್ತೆ."

"ಅಪ್ಪ, ಕನ್ನಡಿ ಮನೆ ಎಲ್ಲಿದೆ?" ಎಂದಳು ಚಿಕ್ಕ ಮಗಳು. ಸಣಕಲು ಮೈ, ಒಂದು ಕಡೆ ಕೂತಿರಲಾರಳು. ಹಾಗಾಗಿ ಅವಳು ಎಲ್ಲರಿಗೂ ಗುಬ್ಬಿ.

"ಅದು ವೇಸ್ಟು. ಲೈನು ಅಲ್ಲೇ ನಿಂತುಹೋಗುತ್ತೆ."

ದೊಡ್ಡವಳು ಅನ್ನ ಕಲಸುತ್ತಾ ನಕ್ಕಳು. ಅವಳು ಕಾಲೇಜು ಮುಗಿಸಿ ಔಷಧಿ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸಕ್ಕಿದ್ದಳು. "ನಾವು ಹೋಗ್ತಿರೋದು ಆಟಕ್ಕೋ, ಶಿಫ್ಟಿಗೋ?"

ಫೋರ್‌ಮನ್ ಬೀಸಿದ ತಟ್ಟೆ ಅವಳ ಭುಜದ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. ಅನ್ನ ನಕ್ಷೆಯ ಮೇಲೂ ಸಿಡಿಯಿತು. ಯಾರೂ ಏಳಲಿಲ್ಲ. ಫೋರ್‌ಮನ್ ಒದ್ದೆ ಬಟ್ಟೆ ತಂದು ನಕ್ಷೆಯನ್ನಷ್ಟೇ ಹುಷಾರಾಗಿ ಒರೆಸಿದ. ಚೂರುಗಳನ್ನು ಗುಡಿಸಿದವಳು ಹೆಂಡತಿ.

ಅವಳಿಗೆ ಬೀದಿಯವರು ಟೇಲರಮ್ಮ ಅನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಶಾಲೆಗಳ ಯೂನಿಫಾರಂ ಹೊಲಿಯುತ್ತಿದ್ದಳು. ಆ ಮನೆಯಲ್ಲಿ ಏಟು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಫೋರ್‌ಮನ್ ಹೆಂಡತಿಗೆ ಹೊಡೆದರೆ ಅವಳು ಬಟ್ಟೆ ಅಳೆಯುವ ಮರದ ಸ್ಕೇಲನ್ನು ದೊಡ್ಡವಳ ಮೇಲೆ ಬೀಸುವಳು, ದೊಡ್ಡವಳು ಬಚ್ಚಲಿನಲ್ಲಿ ಗುಬ್ಬಿಯ ತೋಳು ಚಿವುಟುವಳು. ಗುಬ್ಬಿಗೆ ಹೊಡೆಯಲು ಯಾರೂ ಸಿಗದೆ ಅವಳು ಮೆಟ್ಟಿಲ ಮೇಲೆ ಕೂತು ಇರುವೆ ಹೊಸಕುತ್ತಿದ್ದಳು. ಸದ್ದು ಜೋರಾದಾಗ ಎದುರು ಮನೆಯವರು ಕಿಟಕಿ ಎಳೆದುಕೊಳ್ಳುತ್ತಿದ್ದರು.

ಹೊಡೆತ ತಾಗದೆ ಇದ್ದದ್ದು ಅಜ್ಜಿಗೆ ಮಾತ್ರ. ಫೋರ್‌ಮನ್‌ನ ತಾಯಿ. ಗಟ್ಟಿ ಮುದುಕಿ, ದಿನಾ ಬೆಳಿಗ್ಗೆ ಮೊಸರು ತರಲು ಮಾರ್ಕೆಟ್ಟಿನ ತನಕ ನಡೆದೇ ಹೋಗಿಬರುವವಳು. ಗಲಾಟೆ ಶುರುವಾದರೆ ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು.

ಆದರೆ ಪಾರ್ಕಿನ ವಿಷಯದಲ್ಲಿ ಅವಳಿಗೂ ಪಾಲು ಬಂತು.

"ಅಮ್ಮ, ಅಲ್ಲಿ ಗಾಲಿಕುರ್ಚಿ ಸಿಗುತ್ತೆ. ಅದರಲ್ಲಿ ಯಾರಾದ್ರೂ ಕೂತಿದ್ರೆ ಮನೆಯವರನ್ನೆಲ್ಲ ಪಕ್ಕದ ಬಾಗಿಲಿಂದ ಬಿಡ್ತಾರಂತೆ. ಕ್ಯೂ ಇಲ್ಲ. ನೀನು ಕೂತ್ಕೋ."

"ನನ್ನ ಕಾಲಿಗೇನಾಗಿದೆಯೋ? ನೆಟ್ಟಗಿದೆಯಲ್ಲ."

"ನೆಟ್ಟಗಿರೋದು ಅವರಿಗೆ ಗೊತ್ತಾಗಬಾರದು. ಅಷ್ಟೆ."

"ಬದುಕಿರೋವಾಗಲೇ ಕುಂಟಿ ಅನ್ನಿಸಿಕೊಳ್ಳಲಾ? ಆಗಲ್ಲಪ್ಪ."

"ಆಗದಿದ್ರೆ ಮನೇಲೇ ಇರು. ನಿನ್ನ ಪಾಸು ಹರಿದು ಹಾಕ್ತೀನಿ."

ಅಜ್ಜಿಗೂ ಪಾರ್ಕು ನೋಡುವ ಆಸೆ. ಟಿವಿಯಲ್ಲಿ ಆಕಾಶಕ್ಕೆ ಏರುವ ತೊಟ್ಟಿಲು ನೋಡಿದ್ದಳು. "ಆಯ್ತು, ಕೂತ್ಕೋತೀನಿ" ಎಂದಳು. ಆಮೇಲೆ ಅಡುಗೆಮನೆಯಲ್ಲಿ ಸೊಸೆಯ ಮುಂದೆ, "ಹೆತ್ತ ತಾಯಿಯ ಕಾಲು ಮುರಿದೇ ಬಿಟ್ಟನಲ್ಲೇ ನಿನ್ನ ಗಂಡ" ಎಂದು ನಕ್ಕಳು. ಸೊಸೆ ನಗಲಿಲ್ಲ. ಹಿಂದಿನ ದಿನದ ಏಟಿಗೆ ಅವಳ ತುಟಿ ಇನ್ನೂ ಊದಿಕೊಂಡೇ ಇತ್ತು.

ಮುಂದಿನ ಭಾನುವಾರದಿಂದ ತಾಲೀಮು. ಫೋರ್‌ಮನ್ ಚಪ್ಪಾಳೆ ತಟ್ಟಿದರೆ ಎಲ್ಲರೂ ಶೂ ಹಾಕಿಕೊಂಡು ಬಾಗಿಲ ಬಳಿ ಸಾಲಾಗಿ ನಿಲ್ಲಬೇಕು. ಚೀಲ ದೊಡ್ಡವಳ ಬೆನ್ನಿಗೆ, ಬಾಟಲಿ ಹೆಂಡತಿಯ ಕೈಗೆ, ಗುಬ್ಬಿ ಮಧ್ಯದಲ್ಲಿ. ಬ್ರೆಡ್ಡು, ಬೇಯಿಸಿದ ಮೊಟ್ಟೆ ನಿಂತುಕೊಂಡೇ ತಿನ್ನಬೇಕು.

"ಕೂತ್ಕೊಂಡು ತಿಂದ್ರೆ ಏನಾಗುತ್ತೆ?" ಎಂದಳು ದೊಡ್ಡವಳು.

"ಕೂತ್ರೆ ಏಳೋಕೆ ಮನಸ್ಸು ಬರಲ್ಲ. ಬಾಯಿ ಮುಚ್ಚಿಕೊಂಡು ತಿನ್ನು."

"ಬಾಯಿ ಮುಚ್ಚಿಕೊಂಡು ಹೆಂಗೆ ತಿನ್ನೋದು?"

ಅವನು ಅವಳ ಕೈಯ ಬ್ರೆಡ್ಡನ್ನು ಅವಳ ಬಾಯಿಗೇ ತುರುಕಿದ. ಬೆರಳು ಹಲ್ಲಿಗೆ ತಾಗಿ ಒಸಡಿನಲ್ಲಿ ರಕ್ತ ಬಂತು. ಅವಳು ಉಗುಳಲಿಲ್ಲ. ಅವನನ್ನೇ ದಿಟ್ಟಿಸುತ್ತಾ ರಕ್ತದ ಸಮೇತ ಅಗಿದು ನುಂಗಿದಳು.

ಅದರ ಮುಂದಿನ ವಾರ ತಾಲೀಮು ಬೀದಿಗೆ ಬಂತು. ಬಸ್ ಸ್ಟಾಪಿನ ತನಕ ಬಿರುಸಾಗಿ ನಡೆದು ವಾಪಸ್ಸು. ಅರ್ಧ ದಾರಿಯಲ್ಲಿ ಗುಬ್ಬಿಯ ಶೂ ಲೇಸು ಬಿಚ್ಚಿತು. ಅವಳು ಕಟ್ಟಿಕೊಳ್ಳಲು ಬಗ್ಗಿದಳು. ಹಿಂದೆ ಬರುತ್ತಿದ್ದ ಅಜ್ಜಿ ಎಡವಿ ಅವಳ ಮೇಲೆ ಕೈ ಊರಿದಳು. ಸಾಲು ನಿಂತಿತು.

ಫೋರ್‌ಮನ್ ತಿರುಗಿ ಬಂದು, ಗುಬ್ಬಿ ಏಳುತ್ತಿದ್ದ ಹಾಗೇ ಅಂಗೈ ಬಿಚ್ಚಿ ಬಾರಿಸಿದ. ಏಟು ಎಡಗಿವಿಯ ಮೇಲೆ ಬಿತ್ತು. ಪಟಾಕಿ ಸಿಡಿದ ಹಾಗೆ ಸದ್ದಾಯಿತು. ಗುಬ್ಬಿ ಯಾರದೋ ಮನೆಯ ಗೇಟಿಗೆ ಬಡಿದು ಕುಸಿದಳು.

"ಏಳು. ನಿನ್ನೊಬ್ಬಳಿಂದ ಎಲ್ಲರ ಟೈಮು ಹಾಳು."

ಗುಬ್ಬಿ ಎದ್ದಳು. ಅಳಲಿಲ್ಲ. ತಲೆ ಒಂದು ಕಡೆ ವಾಲಿಸಿಕೊಂಡು ಬಸ್ ಸ್ಟಾಪಿನ ತನಕ ನಡೆದಳು, ವಾಪಸ್ಸೂ ಬಂದಳು.

ಆ ವಾರ ಅವಳು ಬಲಗಿವಿಯನ್ನು ಟಿವಿಯ ಕಡೆ ತಿರುಗಿಸಿಕೊಂಡು ನೋಡತೊಡಗಿದಳು. ಕರೆದರೆ ತಿರುಗುತ್ತಿರಲಿಲ್ಲ. "ಕಿವುಡಿ ಥರ ಆಡ್ಬೇಡ" ಎಂದು ತಾಯಿ ಸ್ಕೇಲಿನಿಂದ ಕಾಲಿಗೆ ಎರಡು ಕೊಟ್ಟಳು. ಒಂದು ಬೆಳಿಗ್ಗೆ ಹಾಸಿಗೆ ಮಡಚುವಾಗ ದೊಡ್ಡವಳಿಗೆ ತಂಗಿಯ ದಿಂಬಿನ ಮೇಲೆ ಹಳದಿ ಕಲೆ ಕಂಡಿತು. ಮೂಸಿದಳು. ಕೀವು.

"ಗುಬ್ಬಿ, ಕಿವಿ ನೋಯುತ್ತಾ?"

"ಈ ಕಡೆ ಬಂದು ಹೇಳಕ್ಕಾ."

ದೊಡ್ಡವಳು ಬಲಗಡೆಗೆ ಬಂದು ಮತ್ತೆ ಕೇಳಿದಳು.

"ನೋವು ಕಮ್ಮಿಯಾಗಿದೆ. ಒಳಗೆ ಗುಂಯ್ ಅನ್ನುತ್ತೆ. ಯಾರಿಗೂ ಹೇಳ್ಬೇಡಕ್ಕಾ, ದಮ್ಮಯ್ಯ. ಹೇಳಿದ್ರೆ ಪಾರ್ಕಿಗೆ ಹೋಗೋದು ನಿಂತುಹೋಗುತ್ತೆ."

ದೊಡ್ಡವಳು ಔಷಧಿ ಅಂಗಡಿಯ ಯಜಮಾನರನ್ನು, ಯಾರದೋ ಮಗುವಿಗೆ ಅನ್ನುವ ಹಾಗೆ ವಿಚಾರಿಸಿದಳು. ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಕಿವಿ ತಮಟೆ ಹರಿದಿರಬೇಕು. ಡ್ರಾಪ್ಸು ಗೀಪ್ಸು ಹಾಕ್ಬೇಡಿ. ಒಂದು ಹನಿ ನೀರೂ ಹೋಗಬಾರದು. ಇವತ್ತೇ ಡಾಕ್ಟರಿಗೆ ತೋರಿಸೋಕೆ ಹೇಳಮ್ಮ."

ಅವಳು ಅಮ್ಮನ ಮೆಷಿನ್ನಿನ ಪಕ್ಕ ನಿಂತು ಅಷ್ಟನ್ನೂ ಹೇಳಿದಳು. ಟೇಲರಮ್ಮ ಕಾಲು ನಿಲ್ಲಿಸದೆ ಒಂದು ತೋಳು ಹೊಲಿದು ಮುಗಿಸಿದಳು.

"ಹೋಗಿ ಬಂದ ಮೇಲೆ ತೋರಿಸೋಣ."

"ಅಮ್ಮಾ, ಕೀವು ಸೋರ್ತಿದೆ!"

"ಡಾಕ್ಟ್ರು ಹೆಂಗಾಯ್ತು ಅಂತ ಕೇಳ್ತಾರೆ. ಏನು ಹೇಳ್ಲಿ? ನಿಮ್ಮಪ್ಪನ ಕಿವಿಗೆ ಬಿದ್ರೆ ನಮ್ಮನ್ನ ಉಳಿಸ್ತಾರಾ? ಇನ್ನೊಂದು ವಾರ ತಡ್ಕೋ ಮಾರಾಯ್ತಿ."

"ನೀನು ತಾಯೇನಾ?"

ಕಪಾಳಕ್ಕೆ ಬಿತ್ತು. ಹೊಡೆದ ಮೇಲೆ ಟೇಲರಮ್ಮ ಅದೇ ಕೈಯನ್ನು ಮೆಷಿನ್ನಿನ ಮೇಲೆ ಹಾಗೇ ಇಟ್ಟುಕೊಂಡು ಕೂತಳು. ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಅಜ್ಜಿಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಪಾರ್ಕಿನ ದಿನ ಎಲ್ಲವೂ ಫೋರ್‌ಮನ್ ಹೇಳಿದ ಹಾಗೇ ನಡೆಯಿತು. ಗೇಟು ತೆರೆದೊಡನೆ ಜನವೆಲ್ಲ ಮುಂದಿನ ಆಟಗಳಿಗೆ ಮುತ್ತಿಕೊಂಡರು. ಇವರು ಗಾಲಿಕುರ್ಚಿ ತಳ್ಳಿಕೊಂಡು ಹಿಂದುಗಡೆಗೆ ಓಡಿದರು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಜ್ಜಿ ಸೆರಗು ಹೊದ್ದು ಮುಖ ಹಿಂಡಿಕೊಂಡು ಕೂತರೆ ಸಾಕು, ಕೆಲಸದವರು "ಬನ್ನಿ ಅಜ್ಜಿ, ಬನ್ನಿ" ಎಂದು ಪಕ್ಕದ ಬಾಗಿಲು ತೆಗೆಯುತ್ತಿದ್ದರು. ದೊಡ್ಡ ತೊಟ್ಟಿಲಿನ ತುದಿಯಲ್ಲಿ ಅಜ್ಜಿ, "ಅಯ್ಯಯ್ಯೋ, ನಮ್ಮ ಬೀದಿ ಕಾಣುತ್ತೇನೋ!" ಎಂದು ಕೂಗಿದಳು. ರೋಲರ್ ಕೋಸ್ಟರಿನಲ್ಲಿ ಫೋರ್‌ಮನ್ ಎರಡೂ ಕೈ ಮೇಲೆತ್ತಿ ಬಾಯಿ ಬಿಟ್ಟು ನಕ್ಕ. ಅವನಿಗೆ ಒಂದು ದವಡೆ ಹಲ್ಲಿಲ್ಲವೆಂದು ದೊಡ್ಡವಳಿಗೆ ಗೊತ್ತಾದದ್ದು ಆಗಲೇ. ಅಪ್ಪ ನಗುವುದನ್ನು ಅಷ್ಟು ಹತ್ತಿರದಿಂದ ಅವಳು ನೋಡಿರಲೇ ಇಲ್ಲ.

"ಹೆಂಗೆ ನನ್ನ ಪ್ಲಾನು?" ಎಂದು ಅವನು ಇಳಿದ ಮೇಲೆ ಹೆಂಡತಿಯ ಬೆನ್ನು ತಟ್ಟಿದ. ಅವಳು ಅಭ್ಯಾಸಬಲದಿಂದ ತಲೆ ತಗ್ಗಿಸಿಕೊಂಡಳು. ಆಮೇಲೆ ತಟ್ಟಿದ್ದಷ್ಟೇ ಎಂದು ಗೊತ್ತಾಗಿ ನಕ್ಕಳು.

"ಚಿಕ್ಕವನಿದ್ದಾಗ ನಮ್ಮ ಶಾಲೆಯವರು ಇಂಥ ಕಡೆಗೆ ಕರ್ಕೊಂಡು ಹೋಗಿದ್ರು," ಎಂದ ಅವನು ಗುಬ್ಬಿಗೆ ಐಸ್‌ಕ್ರೀಂ ಕೊಡಿಸುತ್ತಾ. "ನಮ್ಮಪ್ಪ ನನ್ನ ಕಳಿಸ್ಲಿಲ್ಲ. ಕೇಳಿದ್ದಕ್ಕೆ ಬೆಲ್ಟು ಬಿಚ್ಚಿದ." ಅಜ್ಜಿ ಕುರ್ಚಿಯಲ್ಲಿ ಕೂತು ಬೇರೆ ಕಡೆ ನೋಡಿದಳು.

ಊಟವಾಯಿತು, ಎಲ್ಲರಿಗಿಂತ ಮೊದಲು. ಉಳಿದದ್ದು ನೀರಿನ ಆಟ. ಎತ್ತರದಿಂದ ದೋಣಿ ಜಾರಿ ಕೆಳಗಿನ ಕೊಳಕ್ಕೆ ಧುಮುಕುತ್ತದೆ, ಕೂತವರೆಲ್ಲ ತೊಯ್ದು ತೊಪ್ಪೆ. ಗಾಲಿಕುರ್ಚಿಯನ್ನು ಮೆಟ್ಟಿಲ ಕೆಳಗೆ ಬಿಡಬೇಕಿತ್ತು. ಅಜ್ಜಿ ಅಲ್ಲೇ ಉಳಿದಳು. ನಾಲ್ವರು ಮೇಲೆ ಹತ್ತಿ ಕಟ್ಟೆಯ ಮೇಲೆ ನಿಂತರು. ಅಲ್ಲಿ ಯೂನಿಫಾರಂ ಹಾಕಿದ ಹುಡುಗಿಯೊಬ್ಬಳು ಜನರನ್ನು ದೋಣಿಗೆ ಹತ್ತಿಸುತ್ತಿದ್ದಳು.

ದೊಡ್ಡವಳು ಗುಬ್ಬಿಯ ಕೈ ಹಿಡಿದುಕೊಂಡಳು. "ನಾವಿಬ್ಬರೂ ಬರಲ್ಲ. ನೀವು ಹೋಗಿ ಬನ್ನಿ."

"ಏನಂದೆ?"

"ಗುಬ್ಬಿ ನೀರಿಗೆ ಬರಲ್ಲ."

"ಇಷ್ಟೊತ್ತು ಎಲ್ಲ ಸರಿಯಾಗಿತ್ತು. ಕೊನೆಗೆ ಬಂದು ಕೊಕ್ಕೆ ಹಾಕ್ಬೇಡ. ಗುಬ್ಬಿ, ಬಾ ಇಲ್ಲಿ."

ಅವನು ಅವಳ ಎಡಗಡೆ ನಿಂತಿದ್ದ. ಗುಬ್ಬಿ ದೋಣಿ ಧುಮುಕುವುದನ್ನೇ ಬೆರಗಾಗಿ ನೋಡುತ್ತಿದ್ದಳು.

"ಗುಬ್ಬೀ, ಬಾ ಅಂದೆ."

ಅವಳು ತಿರುಗಲಿಲ್ಲ. ಹಿಂದಿನ ಜನ ಗೊಣಗತೊಡಗಿದರು. ದೋಣಿ ಬಂದು ನಿಂತಿತು, ಹುಡುಗಿ "ಬೇಗ ಹತ್ತಿ ಸಾರ್" ಎಂದಳು.

ಏಟು ಮತ್ತೆ ಅದೇ ಕಿವಿಗೆ ಬಿತ್ತು. ಗುಬ್ಬಿ ಒದ್ದೆ ಕಟ್ಟೆಯ ಮೇಲೆ ಬಿದ್ದಳು, ಕಿವಿಯಿಂದ ರಕ್ತ ದಾರದ ಹಾಗೆ ಕತ್ತಿಗೆ ಇಳಿಯಿತು. ಈ ಸಲ ಅವಳು ಕಿರುಚಿದಳು.

"ಅವಳಿಗೆ ಕೇಳಿಸಲ್ಲ!" ದೊಡ್ಡವಳು ಅಮ್ಮನ ಕೈಯ ಸ್ಟೀಲ್ ಬಾಟಲಿ ಕಿತ್ತುಕೊಂಡು ಅಪ್ಪನ ಮುಖಕ್ಕೆ ಅಪ್ಪಳಿಸಿದಳು. "ಕೇಳಿಸಲ್ಲ ಅವಳಿಗೆ! ನೀನೇ ಒಡೆದು ಹಾಕಿದ್ದು!"

ಅವನ ಮೂಗು ಒಡೆಯಿತು. ಅವನು ಅವಳ ಜಡೆ ಹಿಡಿದು ತಲೆಯನ್ನು ಕಬ್ಬಿಣದ ಕಂಬಿಗೆ ಬಡಿದ. ಹುಬ್ಬು ಬಿರಿಯಿತು. ಮತ್ತೆ ಬಡಿಯಲು ಎಳೆದಾಗ ಟೇಲರಮ್ಮ ಇಬ್ಬರ ನಡುವೆ ನುಗ್ಗಿ ಅವನ ಕೈಯನ್ನು ಕಚ್ಚಿದಳು. ಅವನು ಒದ್ದ. ಅವಳು ಹಿಮ್ಮುಖವಾಗಿ ಮೂರ್ನಾಲ್ಕು ಮೆಟ್ಟಿಲು ಉರುಳಿದಳು.

ಯೂನಿಫಾರಮ್ಮಿನ ಹುಡುಗಿ ಕೆಂಪು ಗುಂಡಿ ಒತ್ತಿ ಸೀಟಿ ಊದಿದಳು. ದೋಣಿಗಳೆಲ್ಲ ಒಂದರ ಹಿಂದೊಂದು ನಿಂತವು. ಕಾವಲಿನವರು ಮೂರು ಜನ ಓಡಿ ಬಂದರು.

"ಬಿಡ್ರೋ! ನನ್ನ ಮಗಳು ಅವಳು! ಇದು ಮನೆ ವಿಷಯ!"

"ಯಾರ ಮಗಳಾದ್ರೂ ಇರಲಿ ಸಾರ್. ಮೊದಲು ಕೈ ತೆಗೀರಿ."

ಅವನು ತೆಗೆಯಲಿಲ್ಲ. ಅವರೇ ತೆಗೆಸಿದರು. ಇಬ್ಬರು ತೋಳು ತಿರುಚಿ ಹಿಡಿದರು, ಮೂರನೆಯವನು ಕುತ್ತಿಗೆ ಒತ್ತಿ ಕಂಬಿಗೆ ಒರಗಿಸಿದ. ಮೆಟ್ಟಿಲ ಮೇಲೆ ಬಿದ್ದಿದ್ದ ಟೇಲರಮ್ಮ ತಲೆ ಎತ್ತಿ ನೋಡಿದಳು. ಗಂಡನ ಎರಡೂ ಕೈಗಳು ಬೇರೆಯವರ ಕೈಯಲ್ಲಿದ್ದವು. ಅವನ್ನು ಹಿಡಿಯಲು ಅವರಿಗೆ ಅರೆ ನಿಮಿಷವೂ ಬೇಕಾಗಿರಲಿಲ್ಲ.

ಕೆಳಗೆ ಅಜ್ಜಿ ಕುರ್ಚಿಯಿಂದ ಎದ್ದಳು. ಯಾರೋ "ಅಜ್ಜೀ, ಬೀಳ್ತೀರಿ!" ಎಂದು ಹಿಡಿಯಲು ಬಂದರು. "ಬೀಳಲ್ಲ ಬಿಡಪ್ಪ. ನನ್ನ ಕಾಲಿಗೆ ಏನೂ ಆಗಿಲ್ಲ," ಎಂದು ಅವಳು ದಡದಡನೆ ಮೆಟ್ಟಿಲು ಹತ್ತಿ ಗುಬ್ಬಿಯನ್ನು ಎತ್ತಿಕೊಂಡಳು.

ಪಾರ್ಕಿನ ಶುಶ್ರೂಷೆ ಕೋಣೆಯಲ್ಲಿ ನರ್ಸು ಹತ್ತಿಯಲ್ಲಿ ಗುಬ್ಬಿಯ ಕಿವಿ ಒರೆಸಿದಳು. ದೊಡ್ಡವಳ ಹುಬ್ಬಿಗೆ ಬ್ಯಾಂಡೇಜು. ಹೊರಗಿನ ಬೆಂಚಿನಲ್ಲಿ ಕಾವಲಿನವರ ನಡುವೆ ಫೋರ್‌ಮನ್, ಮೂಗಿಗೆ ಕರ್ಚೀಫು. ಬಾಗಿಲು ತೆರೆದೇ ಇತ್ತು. ಪೊಲೀಸಿನವನೊಬ್ಬ ಆಗಷ್ಟೇ ಬಂದು ಹೊಸ್ತಿಲಲ್ಲಿ ನಿಂತಿದ್ದ.

"ಏನಾಯ್ತಮ್ಮ ಮಗುಗೆ?" ನರ್ಸು ಟೇಲರಮ್ಮನನ್ನು ಕೇಳಿದಳು.

"ಬಿದ್ದಳು." ಟೇಲರಮ್ಮನ ಬಾಯಿಂದ ಅದು ತಾನಾಗಿ ಬಂತು. "ನೆಲ ಒದ್ದೆ ಇತ್ತು."

"ರಕ್ತ ಇವತ್ತಿಂದು. ಆದರೆ ಒಳಗಿರೋ ಕೀವು ಹಳೇದು. ಅವತ್ತು ಎಲ್ಲಿ ಬಿದ್ದಿದ್ಲು?"

ಟೇಲರಮ್ಮ ಬಾಗಿಲ ಕಡೆ ನೋಡಿದಳು. ಫೋರ್‌ಮನ್ ಕರ್ಚೀಫಿನ ಮೇಲಿಂದ ಅವಳನ್ನೇ ನೋಡುತ್ತಿದ್ದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಎಲ್ಲೂ ಬಿದ್ದಿಲ್ಲ," ಎಂದಳು ಅಜ್ಜಿ. "ಅವನು ಹೊಡೆದದ್ದು. ಅವತ್ತೂ ಅವನೇ, ಇವತ್ತೂ ಅವನೇ. ಇವಳ ತುಟಿ ಒಡೆದದ್ದೂ ಅವನೇ. ಬಾಗಿಲು ಹಾಕಿಕೊಂಡು ಒಳಗೆ ಕೂತಿರ್ತಿದ್ದೆ. ಆ ಮನೇಲಿ ಕಿವಿ ಚೆನ್ನಾಗಿರೋದು ನನಗೇ. ಎಲ್ಲ ಕೇಳಿಸಿದೆ."

"ಅಮ್ಮಾ!" ಫೋರ್‌ಮನ್ ಎದ್ದ. ಅವನನ್ನು ಮತ್ತೆ ಕೂರಿಸಿದರು.

"ನೀವು ಇವರಿಗೆ ಏನಾಗ್ಬೇಕು ಅಜ್ಜಿ?" ಪೊಲೀಸಿನವನು ಕೇಳಿದ.

"ಹೆತ್ತವಳು."

ಅವನನ್ನು ಕರೆದುಕೊಂಡು ಹೋದರು. ಮೊದಮೊದಲು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಟೇಲರಮ್ಮನ ಸಿಟ್ಟೆಲ್ಲ ಅತ್ತೆಯ ಮೇಲೆ ತಿರುಗಿತು.

"ನಿಮಗೇನು, ಹೇಳಿ ಕೈ ತೊಳಕೊಂಡ್ರಿ. ಅವರು ಹೊರಗೆ ಬಂದ್ರೆ ಮೊದಲು ಸಾಯೋಳು ನಾನು." ಸೌಟನ್ನು ಗೋಡೆಗೆ ಎಸೆದಳು. "ಇಷ್ಟು ವರ್ಷ ಬಾಯಿಗೆ ಏನು ತುಂಬಿಕೊಂಡಿದ್ರಿ?"

ಅಜ್ಜಿ ಸೌಟನ್ನು ಎತ್ತಿ ತೊಳೆದು ಸೊಸೆಯ ಕೈಗೆ ಕೊಟ್ಟಳು. "ಎಸಿ. ಇನ್ನೊಂದು ಸಲ ಎಸಿ. ಆದ್ರೆ ಹುಡುಗೀರ ಕಡೆ ಎಸೀಬೇಡ."

ಗುಬ್ಬಿಯ ಕಿವಿಗೆ ಆಪರೇಷನ್ ಆಯಿತು. ಫೋರ್‌ಮನ್ ಜಾಮೀನಿನ ಮೇಲೆ ಹೊರಗೆ ಬಂದ. ಆದರೆ ಮನೆಯೊಳಗೆ ಕಾಲಿಡಕೂಡದೆಂದು ಕೋರ್ಟು ಹೇಳಿತ್ತು. ಕಾರ್ಖಾನೆಯ ಹಿಂದಿನ ಓಣಿಯಲ್ಲಿ ರೂಮು ಹಿಡಿದಿದ್ದಾನೆಂದು ಸುದ್ದಿ ಬಂತು. ಟೇಲರಮ್ಮ ಹಗಲಿಡೀ ಹೊಲಿದಳು. ಒಮ್ಮೆ ಗುಬ್ಬಿ ಹೊಲಿದಿಟ್ಟ ಯೂನಿಫಾರಮ್ಮಿನ ಮೇಲೆ ಹಾಲು ಚೆಲ್ಲಿದಾಗ ಸ್ಕೇಲು ಮೇಲೆದ್ದಿತು. ದೊಡ್ಡವಳು ಅಮ್ಮನ ಮಣಿಕಟ್ಟು ಹಿಡಿದಳು. ಇಬ್ಬರೂ ಸ್ವಲ್ಪ ಹೊತ್ತು ಜಗ್ಗಾಡಿದರು.

"ನೀನು ಶುರು ಮಾಡ್ಬೇಡಮ್ಮ," ಎಂದಳು ದೊಡ್ಡವಳು. "ಮಾಡಿದ್ರೆ ನಾನು ಅವಳನ್ನ ಕರ್ಕೊಂಡು ಹೋಗಿಬಿಡ್ತೀನಿ."

ಟೇಲರಮ್ಮ ಸ್ಕೇಲು ಬಿಟ್ಟಳು. ಹಾಲು ಚೆಲ್ಲಿದ ಬಟ್ಟೆಯನ್ನು ತಾನೇ ನಲ್ಲಿಯ ಕೆಳಗೆ ಹಿಡಿದಳು.

ಒಂದು ಭಾನುವಾರ ಮಧ್ಯಾಹ್ನ, ಊಟಕ್ಕೆ ಕೂರುವ ಹೊತ್ತಿಗೆ, ಬಾಗಿಲು ಬಡಿಯುವ ಸದ್ದಾಯಿತು. ಮೊದಲು ಬೆರಳಿನಿಂದ. ಆಮೇಲೆ ಮುಷ್ಟಿಯಿಂದ. ಆಮೇಲೆ ಕಾಲಿನಿಂದ.

"ತೆಗೀರೇ! ನನ್ನ ಮನೆ ಇದು! ಒಂದು ತುತ್ತು ಊಟ ಮಾಡಿ ಹೋಗ್ತೀನಿ, ತೆಗೀರಿ!"

ದೊಡ್ಡವಳು ಫೋನು ಎತ್ತಿಕೊಂಡಳು. ಟೇಲರಮ್ಮ ಕತ್ತರಿ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಪ್ರತಿ ಒದೆತಕ್ಕೂ ಬಾಗಿಲಿನೊಂದಿಗೆ ಅವಳೂ ಅದುರುತ್ತಿದ್ದಳು.

ಅಜ್ಜಿ ಎರಡು ತಟ್ಟೆಗೆ ಅನ್ನ ಬಡಿಸಿಕೊಂಡಳು. "ನೀನು ತೆಗೀಬೇಡ ಕಣೇ. ನಾನು ಹೊರಗೆ ಹೋಗ್ತೀನಿ. ಹೋದೊಡನೆ ಚಿಲಕ ಹಾಕ್ಕೋ."

ಹಿತ್ತಲ ಬಾಗಿಲಿನಿಂದ ಹೋಗಿ ಮನೆ ಸುತ್ತಿಕೊಂಡು ಅವಳು ಮುಂದಿನ ಮೆಟ್ಟಿಲಿಗೆ ಬಂದಳು. "ಒದ್ದದ್ದು ಸಾಕು. ಕೂತ್ಕೋ."

ಫೋರ್‌ಮನ್ ಬಡವಾಗಿದ್ದ. ಶರ್ಟಿನ ಒಂದು ಗುಂಡಿ ಇರಲಿಲ್ಲ. ತಾಯಿಯ ಪಕ್ಕ ಕೂತು ಗಬಗಬನೆ ತಿಂದ. ನಡುವೆ ಅಳು ಬಂದು ಅನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಅಜ್ಜಿ ಬೆನ್ನು ಸವರಿದಳು.

"ಗುಬ್ಬಿಗೆ ಕೇಳಿಸುತ್ತಾ?"

"ಆ ಕಡೆ ಸ್ವಲ್ಪ. ಪೂರ್ತಿ ಬರಲ್ಲ ಅಂದ್ರು."

"ಬೇಕು ಅಂತ ಮಾಡಿದ್ನೇನಮ್ಮ? ಅವರಿಗೋಸ್ಕರವೇ ತಾನೇ ಅಷ್ಟೆಲ್ಲ ಮಾಡಿದ್ದು." ಅವನು ಮೂಗು ಒರೆಸಿಕೊಂಡ. "ನಿನ್ನ ಗಂಡ ನನ್ನ ಹೊಡೀಲಿಲ್ವಾ? ಮೈ ಮೇಲೆ ಬರೆ ಬರೋ ಹಾಗೆ ಹೊಡೀತಿದ್ದ. ನೀನು ಒಂದು ದಿನ ಅವನಿಗೆ ಬಾಗಿಲು ಹಾಕಿದ್ಯಾ? ಹಾಕಿದ್ಯಾ ಹೇಳು!"

"ಇಲ್ಲ," ಎಂದಳು ಅಜ್ಜಿ. "ಹಾಕಬೇಕಿತ್ತು."

ಅವನು ತಟ್ಟೆಯನ್ನು ಬೀದಿಗೆ ಬೀಸಿ ಎಸೆದ. ಎದ್ದು ನಿಂತು ತಾಯಿಯ ಮೇಲೆ ಕೈ ಎತ್ತಿದ. ಆ ಕೈ ಮೇಲೆಯೇ ನಿಂತಿತು. ಅಜ್ಜಿ ಕದಲಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ.

"ಹೊಡಿ. ನಾನೊಬ್ಬಳೇ ಬಾಕಿ."

ಕೈ ಕೆಳಗಿಳಿಯಿತು. ಅವನು ಮೆಟ್ಟಿಲಿಳಿದ. ಬೈಕು ತರದೆ ಬಂದಿದ್ದವನು ಬೀದಿಯ ತಿರುವಿನ ತನಕ ನಡೆದು ಹೋದ. ಅಜ್ಜಿ ಅಲ್ಲಿಯವರೆಗೂ ನೋಡುತ್ತಿದ್ದಳು. ಆಮೇಲೆ ಮೆಟ್ಟಿಲಿಗೆ ಕೈ ಊರಿದಳು. ಏಳಲು ಹೋದರೆ ಆಗಲಿಲ್ಲ.

ಚಿಲಕದ ಸದ್ದಾಯಿತು. ಟೇಲರಮ್ಮ ಹೊರಗೆ ಬಂದು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಗ್ಗಿ ಅತ್ತೆಯ ಕಂಕುಳಿಗೆ ಕೈ ಕೊಟ್ಟಳು.

"ಏಳಿ ಅತ್ತೆ. ನಿಮ್ಮ ಅನ್ನ ಆರಿಹೋಯ್ತು. ಬಿಸೀದು ಹಾಕ್ತೀನಿ, ಬನ್ನಿ."